ಬೆಳಿಗ್ಗೆ ಮಂಡಿ ಬದಲಾವಣೆ, ಸಂಜೆಗೆ ಮನೆ: ಯಾರಿಗೆ ಸೂಕ್ತ, ಯಾವಾಗ ಸೂಕ್ತ?

ಅರವತ್ತು ದಾಟಿದವರಿರುವ ಮನೆಗಳಲ್ಲಿ ಮಂಡಿನೋವಿನ ಮಾತು ಬಾರದ ದಿನ ಅಪರೂಪ. ಕೂತರೆ ಏಳಲಾಗದು, ಎದ್ದರೆ ನಡೆಯಲಾಗದು, ಮೆಟ್ಟಿಲೆಂದರೆ ಭಯ. ಮಾತ್ರೆ, ಮುಲಾಮು, ಶಾಖ, ವ್ಯಾಯಾಮ ಎಲ್ಲವೂ ಆದ ಮೇಲೆ ಮೂಳೆ ತಜ್ಞರು 'ಕೀಲು ಬದಲಿಸುವುದೇ ದಾರಿ' ಎನ್ನುತ್ತಾರೆ. ಹಿಂದೆ ಈ ಮಾತು ಕೇಳಿದ ಮನೆಯವರ ಮೊದಲ ಪ್ರಶ್ನೆ 'ಎಷ್ಟು ಖರ್ಚಾಗುತ್ತದೆ?' ಎಂದಿರುತ್ತಿತ್ತು. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: 'ಬೆಳಿಗ್ಗೆ ಆಪರೇಷನ್ ಮಾಡಿ ಸಂಜೆಗೇ ಮನೆಗೆ ಕಳಿಸುತ್ತಾರಂತೆ. ನಮ್ಮ ತಾಯಿಗೂ ಹಾಗೆ ಮಾಡಿಸಬಹುದೆ ಡಾಕ್ಟ್ರೇ?'

ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ಒಂದೇ ಪದದಲ್ಲಿ ಮುಗಿಯುವಂಥದಲ್ಲ. ಮಂಡಿ ಅಥವಾ ಸೊಂಟದ ಕೀಲನ್ನು ಬದಲಿಸಿ ಅದೇ ದಿನ ಮನೆಗೆ ಕಳಿಸುವ ಪದ್ಧತಿಗೆ ವೈದ್ಯರು 'ಹೊರರೋಗಿ ಕೀಲು ಬದಲಾವಣೆ' ಎನ್ನುತ್ತಾರೆ. ಜನರ ಬಾಯಲ್ಲಿ ಅದು 'ಡೇ ಕೇರ್'. ಹೆಸರು ಕೇಳಿ ಶಸ್ತ್ರಚಿಕಿತ್ಸೆಯೇ ಚಿಕ್ಕದಾಗಿದೆ ಎಂದು ಹಲವರು ತಿಳಿಯುತ್ತಾರೆ. ಹಾಗಿಲ್ಲ. ತೊಡೆಮೂಳೆಯ ಕೆಳತುದಿಯನ್ನೂ ಕೆಳಗಾಲಿನ ಮೂಳೆಯ ಮೇಲ್ತುದಿಯನ್ನೂ ಅಳತೆಗೆ ಸರಿಯಾಗಿ ಕತ್ತರಿಸಿ, ಲೋಹದ ಹೊದಿಕೆ ತೊಡಿಸಿ, ನಡುವೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸುವ ಕೆಲಸ ಇಂದಿಗೂ ಅಷ್ಟೇ ದೊಡ್ಡದು. ಬದಲಾಗಿರುವುದು ಅದರ ಹಿಂದುಮುಂದಿನ ಆರೈಕೆ. ಆಸ್ಪತ್ರೆಯಲ್ಲಿ ದಾದಿಯರು ಮೂರು ನಾಲ್ಕು ದಿನ ಮಾಡುತ್ತಿದ್ದ ಕೆಲಸ ಈಗ ಮನೆಗೆ ಬರುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ವಾರಗಳಿಂದ ಗಂಟೆಗಳಿಗೆ

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ಸೊಂಟದ ಕೀಲಿಗೆ ಲೋಹದ ಗುಂಡು ಮತ್ತು ಗಟ್ಟಿ ಪಾಲಿಥೀನಿನ ಬಟ್ಟಲನ್ನು ಜೋಡಿಸಿದರು. ಇಂದಿನ ಕೀಲು ಬದಲಾವಣೆಯ ತಳಹದಿ ಅದು. 1970ರ ದಶಕದಲ್ಲಿ ಮಂಡಿಗೂ ಇದೇ ಬಗೆಯ ಕೃತಕ ಕೀಲುಗಳು ಬಳಕೆಗೆ ಬಂದವು. ಆ ಕಾಲದಲ್ಲಿ ರೋಗಿ ವಾರಗಟ್ಟಲೆ ಹಾಸಿಗೆಯಲ್ಲೇ ಇರಬೇಕಾಗಿತ್ತು. ಹೊಸ ಕೀಲು ಅಲುಗಾಡಬಾರದು, ಗಾಯ ಮಾಗಬೇಕು ಎಂಬ ಕಾಳಜಿ ಅದರ ಹಿಂದಿತ್ತು.

1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಬಹಳ ಸರಳವಾದ ವಿಚಾರವೊಂದನ್ನು ಮುಂದಿಟ್ಟರು. ಶಸ್ತ್ರಚಿಕಿತ್ಸೆಯಾದ ರೋಗಿ ಇವತ್ತೂ ಆಸ್ಪತ್ರೆಯಲ್ಲಿ ಏಕೆ ಇದ್ದಾನೆ? ಆ ಕಾರಣಗಳನ್ನು ಒಂದೊಂದಾಗಿ ಹುಡುಕಿ ತೆಗೆದುಹಾಕಿದರೆ ರೋಗಿ ತಾನಾಗಿಯೇ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. ಮುಂದೆ ಅದೇ ದೇಶದ ತಂಡವೊಂದು ಮಂಡಿ, ಸೊಂಟ ಬದಲಿಸಿಕೊಂಡವರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯವಾಗಿ ಕಂಡ ಕಾರಣಗಳು ನೋವು, ತಲೆಸುತ್ತು ಮತ್ತು ನಿಶ್ಶಕ್ತಿ. ಎಂದರೆ ರೋಗಿಯನ್ನು ತಡೆದಿದ್ದು ಹೊಸ ಕೀಲಲ್ಲ. ಅದರ ಸುತ್ತಲಿನ ಇಂಥ ತೊಂದರೆಗಳು.

ಅಮೆರಿಕದಲ್ಲಿ 2000ರ ದಶಕದ ಆರಂಭದಿಂದಲೇ ಕೆಲವರು ಅದೇ ದಿನ ಮನೆಗೆ ಕಳಿಸಲು ತೊಡಗಿದ್ದರು. ಅಲ್ಲಿನ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, 'ಒಳರೋಗಿಯಾಗಿಯೇ ಮಾಡಬೇಕಾದ ಶಸ್ತ್ರಚಿಕಿತ್ಸೆಗಳು' ಎಂಬ ಪಟ್ಟಿಯಿಂದ 2018ರಲ್ಲಿ ಮಂಡಿ ಬದಲಾವಣೆಯನ್ನೂ 2020ರಲ್ಲಿ ಸೊಂಟದ ಕೀಲು ಬದಲಾವಣೆಯನ್ನೂ ತೆಗೆದುಹಾಕಿತು. ಅದೇ ಹೊತ್ತಿಗೆ ಕೋವಿಡ್ ಬಂದು, ಆಸ್ಪತ್ರೆಯಲ್ಲಿ ರಾತ್ರಿ ಕಳೆಯುವುದೇ ಅಪಾಯ ಎನಿಸಿದ್ದರಿಂದ ಈ ಪದ್ಧತಿ ಇನ್ನಷ್ಟು ಬೇಗ ಹರಡಿತು. ನಮ್ಮಲ್ಲಿ ಇಂದಿಗೂ ಹೆಚ್ಚಿನವರು ಕೆಲವು ದಿನ ಆಸ್ಪತ್ರೆಯಲ್ಲಿದ್ದೇ ಹೋಗುತ್ತಾರೆ. ಆದರೂ ದೊಡ್ಡ ಊರುಗಳಲ್ಲಿ ಡೇ ಕೇರ್ ಮಾತು ಕೇಳಿಬರುತ್ತಿದೆ.

ಸಾಧ್ಯವಾಗಿಸಿದ ನಾಲ್ಕು ಸಂಗತಿಗಳು

ಮೊದಲನೆಯದು ಅರಿವಳಿಕೆ. ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಲ್ಲಿ ಈಗ ಕೆಲವೇ ಗಂಟೆಗಳಲ್ಲಿ ಇಳಿಯುವ ಮದ್ದನ್ನು ಆರಿಸುತ್ತಾರೆ. ಇದರ ಜೊತೆಗೆ ತೊಡೆಯ ಒಳಮಗ್ಗುಲಿನಲ್ಲಿ ಹಾಯುವ ನರದ ಬಳಿ ಜೋಮು ಹಿಡಿಸುವ ಮದ್ದು ಹಾಕುತ್ತಾರೆ. ಹಿಂದೆ ತೊಡೆಸಂದಿನ ಬಳಿಯ ದೊಡ್ಡ ನರಕ್ಕೆ ಮದ್ದು ಕೊಡುತ್ತಿದ್ದರು. ನೋವು ಹೋಗುತ್ತಿತ್ತು, ಆದರೆ ತೊಡೆಯ ಸ್ನಾಯುವೂ ಸೋತು ಕಾಲು ಕುಸಿಯುತ್ತಿತ್ತು. ಈಗಿನ ಕ್ರಮದಲ್ಲಿ ನೋವು ತಗ್ಗಿದರೂ ಸ್ನಾಯುವಿನ ಬಲ ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದಲೇ ಮಧ್ಯಾಹ್ನಕ್ಕೆ ಎದ್ದು ನಿಲ್ಲಿಸಲು ಸಾಧ್ಯ.

ಎರಡನೆಯದು ರಕ್ತಸ್ರಾವದ ಹತೋಟಿ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವನ್ನು ಜಪಾನಿನ ಒಕಾಮೊಟೊ ದಂಪತಿ 1962ರಲ್ಲೇ ಲೋಕಕ್ಕೆ ತಿಳಿಸಿದ್ದರು. ಮುಟ್ಟಿನ ಸ್ರಾವ ಹೆಚ್ಚಾದಾಗ ಸ್ತ್ರೀರೋಗ ತಜ್ಞರು ಬರೆದುಕೊಡುವ ಮಾತ್ರೆಯೂ ಇದೇ. ಕೀಲು ಬದಲಾವಣೆಯಲ್ಲಿ ಇದನ್ನು ಬಳಸಲು ತೊಡಗಿದ ಮೇಲೆ ರಕ್ತ ಕೊಡಬೇಕಾದ ಪ್ರಸಂಗಗಳು ಬಹಳ ಕಡಿಮೆಯಾದವು. ಗಾಯದಿಂದ ರಕ್ತ ಬಸಿಯಲು ಇಡುತ್ತಿದ್ದ ನಳಿಗೆಯೂ ಹೆಚ್ಚಿನವರಿಗೆ ಬೇಕಾಗದಾಯಿತು.

ಮೂರನೆಯದು ನೋವಿನ ಚಿಕಿತ್ಸೆ. ನೋವು ಬಂದ ಮೇಲೆ ಮಾರ್ಫಿನ್ ಜಾತಿಯ ಚುಚ್ಚುಮದ್ದು ಕೊಡುವುದು ಹಳೆಯ ರೂಢಿ. ಅದರಿಂದ ವಾಂತಿ, ಮಂಪರು, ಮಲಬದ್ಧತೆ, ಮೂತ್ರ ಕಟ್ಟುವುದು. ಈಗ ಶಸ್ತ್ರಚಿಕಿತ್ಸೆಗೆ ಮೊದಲೇ ಮಾತ್ರೆ ಶುರುಮಾಡುತ್ತಾರೆ. ಹೊಲಿಗೆ ಹಾಕುವ ಮುನ್ನ ಮಂಡಿಯ ಸುತ್ತಲಿನ ಮಾಂಸಖಂಡಕ್ಕೇ ಮದ್ದು ತುಂಬುತ್ತಾರೆ. ಸಿಡ್ನಿಯ ಕೆರ್ ಮತ್ತು ಕೊಹಾನ್ ಎಂಬ ವೈದ್ಯರು 2008ರಲ್ಲಿ ಪ್ರಕಟಿಸಿದ ವರದಿಯಿಂದ ಈ ಕ್ರಮ ಎಲ್ಲೆಡೆ ಪರಿಚಿತವಾಯಿತು. ಆಮೇಲೆ ಗಂಟೆಗೆ ಸರಿಯಾಗಿ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ಮಾತ್ರೆ.

ನಾಲ್ಕನೆಯದು ಹೊಟ್ಟೆಯ ವಿಚಾರ. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ ಉಪವಾಸ ಹಾಕುವುದು ಈಗ ಬೇಕಿಲ್ಲ. ಲಘು ಆಹಾರಕ್ಕೆ ಆರು ಗಂಟೆ, ತಿಳಿದ್ರವಕ್ಕೆ ಎರಡು ಗಂಟೆ ಬಿಡುವು ಸಾಕು ಎಂಬುದು ಅರಿವಳಿಕೆ ತಜ್ಞರ ಸಾಮಾನ್ಯ ನಿಯಮ. ಒಂದು ಎಚ್ಚರಿಕೆ: ತಿಳಿದ್ರವ ಎಂದರೆ ನೀರು, ಸೋಸಿದ ಹಣ್ಣಿನ ರಸ, ಹಾಲು ಹಾಕದ ಟೀ. ನಮ್ಮ ಫಿಲ್ಟರ್ ಕಾಫಿಯಲ್ಲಿ ಹಾಲಿರುವುದರಿಂದ ಅದು ಆರು ಗಂಟೆಯ ಲೆಕ್ಕಕ್ಕೆ ಸೇರುತ್ತದೆ. 'ಒಂದೇ ಲೋಟ ಕಾಫಿ ಅಷ್ಟೇ' ಎಂದು ಬೆಳಗಿನ ಜಾವ ಕುಡಿದು ಹೋದವರ ಶಸ್ತ್ರಚಿಕಿತ್ಸೆ ಮುಂದೆ ಹೋಗುತ್ತದೆ, ಸಂಜೆಗೆ ಮನೆ ಸೇರುವ ಆಸೆಯೂ ಅಲ್ಲಿಗೆ ಮುಗಿಯುತ್ತದೆ.

ಯಾರಿಗೆ ಸೂಕ್ತ?

ವಯಸ್ಸೊಂದೇ ಇಲ್ಲಿ ಅಳತೆಗೋಲಲ್ಲ. ಎಪ್ಪತ್ತೆರಡರಲ್ಲೂ ದಿನಾ ಹೂಬುಟ್ಟಿ ಹಿಡಿದು ಓಡಾಡುವವರಿರುತ್ತಾರೆ. ಐವತ್ತೆಂಟಕ್ಕೇ ಹೃದಯ, ಮೂತ್ರಪಿಂಡ ಎರಡೂ ಸೋತವರಿರುತ್ತಾರೆ. ನೋಡಬೇಕಾದ್ದು ಒಟ್ಟು ದೇಹಸ್ಥಿತಿ.

ಈಚೆಗೆ ಹೃದಯಾಘಾತವಾದವರು, ಹೃದಯ ದುರ್ಬಲವಾಗಿ ಕಾಲು ಬಾಯುವವರು, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ಕಾಯಿಲೆಯುಳ್ಳವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ನಿದ್ದೆಯಲ್ಲಿ ಉಸಿರು ಕಟ್ಟಿ ಗೊರಕೆ ಹೊಡೆಯುವ ತೊಂದರೆಗೆ ಚಿಕಿತ್ಸೆ ಪಡೆಯದವರು, ಅತಿಯಾದ ಬೊಜ್ಜಿನವರು, ಮರೆವಿನ ಕಾಯಿಲೆಯವರು, ಇವರೆಲ್ಲ ಆಸ್ಪತ್ರೆಯಲ್ಲೇ ಉಳಿಯುವುದು ಕ್ಷೇಮ. ಎರಡೂ ಮಂಡಿಗಳನ್ನು ಒಟ್ಟಿಗೆ ಬದಲಿಸುವುದಾದರೆ ಅದೇ ದಿನ ಮನೆಯ ಮಾತು ಎತ್ತದಿರುವುದೇ ಒಳ್ಳೆಯದು.

ಉಳಿದವರಲ್ಲೂ ಸರಿಪಡಿಸಿಕೊಳ್ಳಬೇಕಾದ ಕೆಲವು ವಿಷಯಗಳಿವೆ. ಕೀಲು ಬದಲಾವಣೆ ತುರ್ತು ಶಸ್ತ್ರಚಿಕಿತ್ಸೆಯಲ್ಲ. ಒಂದೆರಡು ತಿಂಗಳು ತಡವಾದರೆ ನಷ್ಟವಿಲ್ಲ, ಸಿದ್ಧತೆಯಿಲ್ಲದೆ ಹೋದರೆ ನಷ್ಟವಿದೆ.

ರಕ್ತಹೀನತೆ: ನಮ್ಮ ಹೆಣ್ಣುಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಹಿಮೋಗ್ಲೋಬಿನ್ 9 ಇಟ್ಟುಕೊಂಡು ಹೋದವರಿಗೆ ಸಂಜೆ ಎದ್ದು ನಿಂತಾಗ ಕಣ್ಣು ಕತ್ತಲಿಡುವ ಸಂಭವ ಹೆಚ್ಚು. ಕಾರಣ ಹುಡುಕಿ, ಕಬ್ಬಿಣಾಂಶ ಕೊಟ್ಟು ಸರಿಪಡಿಸಿಕೊಂಡೇ ಮುಂದುವರಿಯಬೇಕು.

ಸಕ್ಕರೆ ಕಾಯಿಲೆ: ಒಂದು ದಿನದ ಸಕ್ಕರೆ ನೋಡಿದರೆ ಸಾಲದು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7.5ರಿಂದ 8ರ ಒಳಗಿರಬೇಕೆಂದು ಹೆಚ್ಚಿನ ತಜ್ಞರು ಬಯಸುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ ಹೊಸ ಕೀಲಿಗೆ ಸೋಂಕು ತಗಲುವ ಅಪಾಯ ಏರುತ್ತದೆ. ಕೃತಕ ಕೀಲಿನ ಸೋಂಕು ಎರಡು ಮಾತ್ರೆಗೆ ಹೋಗುವಂಥದಲ್ಲ. ಕೆಲವೊಮ್ಮೆ ಆ ಕೀಲನ್ನೇ ತೆಗೆದು ತಿಂಗಳುಗಟ್ಟಲೆ ಚಿಕಿತ್ಸೆ ಮಾಡಬೇಕಾಗುತ್ತದೆ.

ಅಡಗಿದ ಸೋಂಕು: ಹುಳುಕು ಹಲ್ಲು, ಉರಿಮೂತ್ರ, ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಮಂಡಿಯ ಬಳಿ ಗಾಯ, ಇವೆಲ್ಲ ಮೊದಲು ಗುಣವಾಗಬೇಕು. ಮಂಡಿಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯುವುದು ವಾಡಿಕೆ. ಆ ಚುಚ್ಚುಮದ್ದನ್ನು ಬೇರೆ ವೈದ್ಯರ ಬಳಿ ಹಾಕಿಸಿಕೊಂಡಿದ್ದರೂ ಮುಚ್ಚಿಡಬೇಡಿ.

ಧೂಮಪಾನ: ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕರಿಂದ ಆರು ವಾರ ಮೊದಲೇ ಬಿಡಬೇಕು.

ಮಾತ್ರೆಗಳ ಪಟ್ಟಿ: ರಕ್ತ ತಿಳಿಯಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ನಿಲ್ಲಿಸದೆಯೂ ಇರಬೇಡಿ, ಬರೆದುಕೊಟ್ಟ ವೈದ್ಯರನ್ನೂ ಅರಿವಳಿಕೆ ತಜ್ಞರನ್ನೂ ಕೇಳಿ. ಸಕ್ಕರೆ ಕಾಯಿಲೆಯ ಕೆಲವು ಹೊಸ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ನಾಟಿ ಔಷಧ, ಕಷಾಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಆಸ್ಪತ್ರೆ ಹೇಗೆ ಸಿದ್ಧವಾಗಿರಬೇಕು?

ಸಂಜೆಗೆ ಮನೆಗೆ ಕಳಿಸುವುದು ಒಬ್ಬ ಶಸ್ತ್ರವೈದ್ಯರ ಕೈಚಳಕದಿಂದ ಆಗುವ ಕೆಲಸವಲ್ಲ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು, ಫಿಸಿಯೋಥೆರಪಿಸ್ಟ್, ಮನೆಯ ಹತ್ತಿರದ ವೈದ್ಯರು, ಇಷ್ಟೂ ಜನ ಒಂದೇ ಲಿಖಿತ ಕ್ರಮವನ್ನು ಪಾಲಿಸಬೇಕು. ಒಬ್ಬರು 'ನಡೆಸಿ' ಎಂದು, ಇನ್ನೊಬ್ಬರು 'ಮಲಗಿಸಿ' ಎಂದರೆ ವ್ಯವಸ್ಥೆ ಕೆಡುತ್ತದೆ.

ಇಂಥ ವ್ಯವಸ್ಥೆಯನ್ನು ಕಟ್ಟುವ ಆಸ್ಪತ್ರೆ ಒಂದೇ ಹಾರಿಗೆ ನಾಲ್ಕು ದಿನದಿಂದ ಆರು ಗಂಟೆಗೆ ಇಳಿಯಬಾರದು. ಮೊದಲು ಎಲ್ಲ ರೋಗಿಗಳೂ ಆಪರೇಷನ್ ದಿನವೇ ಎದ್ದು ನಡೆಯುವಂತೆ ಮಾಡಬೇಕು. ಆಮೇಲೆ ಎರಡು ರಾತ್ರಿ, ಅದು ಸರಾಗವಾದ ಮೇಲೆ ಒಂದು ರಾತ್ರಿ, ಕೊನೆಗೆ ಆಯ್ದ ರೋಗಿಗಳಿಗೆ ಅದೇ ಸಂಜೆ. ಪ್ರತಿ ಮೆಟ್ಟಿಲಲ್ಲೂ ಲೆಕ್ಕವಿಡಬೇಕು: ಎಷ್ಟು ಜನ ಅಂದುಕೊಂಡ ದಿನ ಮನೆಗೆ ಹೋದರು, ಎಷ್ಟು ಜನ ತುರ್ತಾಗಿ ವಾಪಸು ಬಂದರು, ಮೂವತ್ತು ಮತ್ತು ತೊಂಬತ್ತು ದಿನಗಳಲ್ಲಿ ಎಷ್ಟು ಜನ ಮತ್ತೆ ದಾಖಲಾದರು, ಎಷ್ಟು ಗಾಯಗಳಿಗೆ ಸೋಂಕಾಯಿತು. ಈ ಲೆಕ್ಕವಿಲ್ಲದ ಕಡೆ 'ನಮ್ಮಲ್ಲಿ ಎಲ್ಲರೂ ಚೆನ್ನಾಗಿದ್ದಾರೆ' ಎಂಬ ಮಾತಿಗೆ ಆಧಾರವಿಲ್ಲ.

ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮುಂಚೆ ರೋಗಿಗೂ ನೋಡಿಕೊಳ್ಳುವವರಿಗೂ ಒಟ್ಟಿಗೆ ಪಾಠ ಹೇಳಬೇಕು. ವಾಕರ್ ಹಿಡಿಯುವುದು, ಮೆಟ್ಟಿಲು ಹತ್ತುವುದು, ಹಾಸಿಗೆಯಿಂದ ಏಳುವುದು, ಇವೆಲ್ಲ ಆ ದಿನವೇ ಅಭ್ಯಾಸವಾಗಬೇಕು. ಅರಿವಳಿಕೆಯ ಮಂಪರಿನಲ್ಲಿರುವವರಿಗೆ ಸಂಜೆ ಐದಕ್ಕೆ ಹೊಸದಾಗಿ ಕಲಿಸಹೊರಟರೆ ತಲೆಗೆ ಹತ್ತುವುದಿಲ್ಲ.

ಡೇ ಕೇರ್ ರೋಗಿಯನ್ನು ಪಟ್ಟಿಯಲ್ಲಿ ಮೊದಲಿಗರಾಗಿ ತೆಗೆದುಕೊಳ್ಳಬೇಕು. ಮಧ್ಯಾಹ್ನ ಮೂರಕ್ಕೆ ಒಳಹೋದವರು ಸಂಜೆಗೆ ಸಿದ್ಧರಾಗುವುದು ಕಷ್ಟ. ಮೂತ್ರದ ನಳಿಗೆ ಹಾಕದಿರುವುದು, ಸಾಕಷ್ಟು ದ್ರವ ಕೊಡುವುದು, ವಾಂತಿ ತಡೆಯುವ ಮದ್ದನ್ನು ಮೊದಲೇ ಕೊಡುವುದು ಕ್ರಮದ ಭಾಗಗಳು. ವಾಂತಿ ಮತ್ತು ನೋವು ತಗ್ಗಿಸಲು ಕೊಡುವ ಡೆಕ್ಸಾಮೆಥಸೋನ್ ಒಂದೆರಡು ದಿನ ಸಕ್ಕರೆ ಏರಿಸುತ್ತದೆ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಅದನ್ನು ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯ, ಕಾದಿರಿಸಿದ ಒಂದು ಹಾಸಿಗೆ. ಎಷ್ಟೇ ಜಾಗ್ರತೆಯಿಂದ ಆರಿಸಿದರೂ ಕೆಲವರು ಆ ಸಂಜೆ ಹೊರಡುವ ಸ್ಥಿತಿಯಲ್ಲಿರುವುದಿಲ್ಲ. ಎದ್ದಾಗ ರಕ್ತದೊತ್ತಡ ಕುಸಿಯುವುದು, ವಾಂತಿ, ಮೂತ್ರ ಕಟ್ಟುವುದು, ನೋವು ಹತೋಟಿಗೆ ಬಾರದಿರುವುದು, ಕಾಲಿನ ಜೋಮು ಇಳಿಯದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಅಂಥವರಿಗೆ ಹಾಸಿಗೆ ಇಲ್ಲವೆಂದು ಕಳಿಸುವ ಆಸ್ಪತ್ರೆ ಈ ಕೆಲಸಕ್ಕೆ ಕೈಹಾಕಬಾರದು. ರಾತ್ರಿ ಉಳಿದುಕೊಂಡ ರೋಗಿಯೂ 'ನಾನು ಪಾಸಾಗಲಿಲ್ಲ' ಎಂದು ಕೊರಗಬೇಕಾಗಿಲ್ಲ. ಅದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ.

ಬಾಗಿಲು ದಾಟುವ ಮೊದಲು

ಆಸ್ಪತ್ರೆಯಿಂದ ಹೊರಡಲು ಗಡಿಯಾರ ನೋಡಿ ಅನುಮತಿ ಕೊಡುವಂತಿಲ್ಲ. ಕೆಳಗಿನವು ಆಗಿವೆಯೇ ಎಂದು ನೀವೂ ಗಮನಿಸಿ.

• ವಾಕರ್ ಹಿಡಿದು ಸುಮಾರು ನೂರು ಅಡಿ ನಡೆದಿದ್ದಾರೆ.
• ಮನೆಯಲ್ಲಿ ಮೆಟ್ಟಿಲಿದ್ದರೆ, ಆಸ್ಪತ್ರೆಯಲ್ಲಿ ಮೆಟ್ಟಿಲು ಹತ್ತಿ ಇಳಿದಿದ್ದಾರೆ.
• ತಾವಾಗಿಯೇ ಮೂತ್ರ ಮಾಡಿದ್ದಾರೆ.
• ತಿಂದದ್ದು ಹೊಟ್ಟೆಯಲ್ಲಿ ನಿಂತಿದೆ.
• ಬರೀ ಮಾತ್ರೆಗಳಿಂದ ನೋವು ಸಹಿಸುವಷ್ಟಿದೆ.
• ಎದ್ದು ನಿಂತಾಗಲೂ ರಕ್ತದೊತ್ತಡ, ನಾಡಿ ಸರಿಯಾಗಿವೆ, ಪಟ್ಟಿ ಒದ್ದೆಯಾಗಿಲ್ಲ.
• ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದು ಕನ್ನಡದಲ್ಲಿ ಬರೆದು ಕೈಗೆ ಬಂದಿದೆ.

ಇದರಲ್ಲಿ ಒಂದು ಆಗದಿದ್ದರೂ 'ಇವತ್ತು ಇಲ್ಲೇ ಇರುತ್ತೇವೆ' ಎಂದು ಹೇಳಲು ಸಂಕೋಚಪಡಬೇಡಿ.

ಮನೆಯೇ ವಾರ್ಡು

ಇನ್ನು ನಮ್ಮ ಮನೆಗಳತ್ತ ನೋಡೋಣ. ಹೊಸ್ತಿಲು, ಜಾರುವ ನೆಲ, ಬಾಗಿಲಲ್ಲಿ ಕಾಲೊರಸು, ಕೆಳಮಟ್ಟದ ಮಂಚ, ನೆಲದ ಮೇಲೆ ಊಟ, ಕುಕ್ಕುರುಗಾಲಿನ ಕಕ್ಕಸು. ಪಾಶ್ಚಾತ್ಯ ದೇಶಗಳಲ್ಲಿ ಈ ಪದ್ಧತಿ ಬೆಳೆಯುವಾಗ ಇಂಥ ಮನೆಗಳನ್ನು ಯಾರೂ ಎಣಿಸಿರಲಿಲ್ಲ. ಆದ್ದರಿಂದ ಈ ಭಾಗದ ಸಿದ್ಧತೆ ನಮ್ಮದೇ ಆಗಬೇಕು.

ಆಪರೇಷನ್ನಿಗೆ ವಾರ ಮೊದಲೇ ವಾಕರ್ ತಂದು, ಮಂಚದಿಂದ ಬಚ್ಚಲಿನ ತನಕ ರೋಗಿಯೇ ಒಮ್ಮೆ ನಡೆದು ನೋಡಲಿ. ಹಳೆಯ ಮನೆಗಳ ಬಚ್ಚಲಿನ ಬಾಗಿಲಲ್ಲಿ ವಾಕರ್ ನುಗ್ಗುವುದಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಾಗುವುದು ಆಪರೇಷನ್ ಆದ ರಾತ್ರಿ. ಕುಳಿತುಕೊಳ್ಳುವ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಬಾಡಿಗೆಗೋ ಕ್ರಯಕ್ಕೋ ತನ್ನಿ. ಮೊದಲ ಒಂದೆರಡು ರಾತ್ರಿ ಅದು ಮಂಚದ ಪಕ್ಕದಲ್ಲೇ ಇರಲಿ. ಗೋಡೆಗೆ ಹಿಡಿಕೆ ಹಾಕಿಸಿ. ಕಾಲೊರಸು, ಚಾಪೆ, ನೆಲದ ಮೇಲೆ ಹರಿದ ವೈರು ತೆಗೆದಿಡಿ. ರಾತ್ರಿ ದೀಪವೊಂದು ಉರಿಯುತ್ತಿರಲಿ. ಮಂಚ, ಕುರ್ಚಿ ಮಂಡಿಯ ಮಟ್ಟಕ್ಕಿಂತ ಎತ್ತರವಿರಲಿ. ಮಹಡಿ ಮನೆಯಾದರೆ ಎರಡು ವಾರ ಕೆಳಗಿನ ಕೋಣೆಯಲ್ಲೇ ವ್ಯವಸ್ಥೆ ಮಾಡಿ.

ಇದಕ್ಕಿಂತ ದೊಡ್ಡ ಪ್ರಶ್ನೆ: ನೋಡಿಕೊಳ್ಳುವವರು ಯಾರು? ಮೊದಲ ಮೂರು ದಿನ ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು. ಎಬ್ಬಿಸಲು ಹಿಡಿಯುವಷ್ಟು ಶಕ್ತಿಯೂ, ಮಾತ್ರೆ ಚೀಟಿ ಓದುವಷ್ಟು ಅಕ್ಷರವೂ ಅವರಿಗಿರಬೇಕು. ನಮ್ಮ ಮನೆಗಳಲ್ಲಿ ಈ ಹೊಣೆ ಹೆಚ್ಚಾಗಿ ಸೊಸೆಯ ಅಥವಾ ಮಗಳ ಮೇಲೆ ಬೀಳುತ್ತದೆ. ಅವರಿಗೆ ಕಚೇರಿಯಿದೆಯೇ, ಶಾಲೆಗೆ ಹೋಗುವ ಮಕ್ಕಳಿದ್ದಾರೆಯೇ, ಅವರಿಗೇ ಬೆನ್ನುನೋವಿದೆಯೇ ಎಂದು ಯಾರೂ ಕೇಳುವುದಿಲ್ಲ. ನಿರ್ಧಾರ ಮಾಡುವ ಮಾತುಕತೆಗೆ ಅವರನ್ನೂ ಕರೆಯಿರಿ. ವಯಸ್ಸಾದ ದಂಪತಿ ಮಾತ್ರ ಇರುವ ಮನೆಯಾಗಿ, ಮಕ್ಕಳು ದೂರದ ಊರಿನಲ್ಲೋ ಪರದೇಶದಲ್ಲೋ ಇದ್ದರೆ ಎರಡು ಮೂರು ದಿನ ಆಸ್ಪತ್ರೆಯಲ್ಲಿರುವುದೇ ಸರಿಯಾದ ಆಯ್ಕೆ.

ದೂರವನ್ನೂ ಲೆಕ್ಕ ಹಾಕಿ. ಆಸ್ಪತ್ರೆಯಿಂದ ಸುಮಾರು ಒಂದು ಗಂಟೆಯ ಹಾದಿಯಲ್ಲಿ ಮನೆಯಿರಬೇಕು. ಐದಾರು ಗಂಟೆ ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕಾದವರು ಕೆಲವು ದಿನ ಅದೇ ಊರಿನ ನೆಂಟರ ಮನೆಯಲ್ಲಿ ಉಳಿಯುವುದೋ ಆಸ್ಪತ್ರೆಯಲ್ಲೇ ಇರುವುದೋ ಲೇಸು.

ಮೊದಲ ಎರಡು ರಾತ್ರಿಗಳು

ಸಂಜೆ ನಾಲ್ಕಕ್ಕೆ ನಗುನಗುತ್ತಾ ನಡೆದವರು ನಡುರಾತ್ರಿ ಎರಡಕ್ಕೆ ನೋವಿನಿಂದ ಅಳುವುದುಂಟು. ಗಾಬರಿಯಾದ ಮನೆಯವರು ಆಗ ಫೋನು ಮಾಡುವುದು ನಮ್ಮಂಥ ಬಡಾವಣೆಯ ವೈದ್ಯರಿಗೆ. ಹೀಗೇಕಾಗುತ್ತದೆ? ನರದ ಬಳಿ ಮತ್ತು ಮಂಡಿಯ ಸುತ್ತ ಹಾಕಿದ ಮದ್ದು ಅರ್ಧ ದಿನದಿಂದ ಒಂದು ದಿನದೊಳಗೆ ಇಳಿಯುತ್ತದೆ. ಇಳಿಯುವ ವೇಳೆಗೆ ಮಾತ್ರೆಯ ಪ್ರಭಾವ ದೇಹದಲ್ಲಿರಬೇಕು. 'ಈಗ ನೋವಿಲ್ಲವಲ್ಲ, ಮಾತ್ರೆ ಏಕೆ?' ಎಂದು ರಾತ್ರಿಯ ಮಾತ್ರೆ ಬಿಟ್ಟವರಿಗೇ ಈ ಪಾಡು. ಅಲಾರಂ ಇಟ್ಟುಕೊಂಡಾದರೂ ಗಂಟೆಗೆ ಸರಿಯಾಗಿ ಕೊಡಿ. ಹಾಗೆಂದು ವೈದ್ಯರು ಬರೆಯದ ನೋವಿನ ಮಾತ್ರೆ ಸೇರಿಸಬೇಡಿ. ಮೂತ್ರಪಿಂಡಕ್ಕೂ ಹೊಟ್ಟೆಗೂ ಅದು ಕೇಡು.

ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಮಂಡಿಯ ಮೇಲಿಡಿ, ದಿನಕ್ಕೆ ಹಲವು ಸಲ. ಕಾಲು ಎತ್ತರದಲ್ಲಿರಲಿ. ಮಂಡಿಯ ಕೆಳಗೆ ದಿಂಬು ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಉಪಚಾರ. ಅದರಿಂದ ಆ ಹೊತ್ತಿಗೆ ಹಿತವೆನಿಸಿದರೂ ಮಂಡಿ ಬಾಗಿದಂತೆಯೇ ಸೆಟೆದುಕೊಳ್ಳುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗೆ ಇಡಿ. ಎಚ್ಚರವಿದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಮೊದಲ ರಾತ್ರಿ ಒಬ್ಬರೇ ಎದ್ದು ಬಚ್ಚಲಿಗೆ ಹೋಗಕೂಡದು. 'ಇವರನ್ನೇಕೆ ಎಬ್ಬಿಸಲಿ' ಎಂಬ ಸಂಕೋಚದಿಂದ ಎದ್ದು ಬಿದ್ದರೆ ಹೊಸ ಕೀಲಿನ ಪಕ್ಕದ ಮೂಳೆಯೇ ಮುರಿಯಬಹುದು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬರಬೇಕು. ಮೊದಲ ವಾರದಲ್ಲಿ ಫಿಸಿಯೋಥೆರಪಿ ಶುರುವಾಗಿರಬೇಕು. ಹೊಲಿಗೆ ತೆಗೆಯುವುದು ಸಾಮಾನ್ಯವಾಗಿ ಎರಡು ವಾರಕ್ಕೆ. ಗಾಯಕ್ಕೆ ಅರಿಸಿನ, ಎಣ್ಣೆ, ಪುಡಿ ಯಾವುದನ್ನೂ ಹಚ್ಚಬೇಡಿ.

ತಡಮಾಡದೆ ಕರೆ ಮಾಡಿ

ಈ ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

• ಏಕಾಏಕಿ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ನೇರವಾಗಿ 108ಕ್ಕೆ ಕರೆ ಮಾಡಿ.
• ಮೀನಖಂಡದಲ್ಲಿ ನೋವು, ಬಿಗಿತ, ಒಂದು ಕಾಲು ಮಾತ್ರ ಹೆಚ್ಚು ಊದಿಕೊಳ್ಳುವುದು.
• ಆರೇಳು ಗಂಟೆ ಕಳೆದರೂ ಮೂತ್ರ ಬಾರದೆ ಕಿಬ್ಬೊಟ್ಟೆ ಬಿಗಿಯುವುದು.
• ಪಟ್ಟಿ ಬದಲಿಸಿದರೂ ಮತ್ತೆ ರಕ್ತದಲ್ಲಿ ನೆನೆಯುವುದು. ದಿನಗಳು ಕಳೆದ ಮೇಲೂ ಗಾಯದಿಂದ ನೀರು ಒಸರುವುದು.
• ಚಳಿಜ್ವರ, ಗಾಯದ ಸುತ್ತ ಕೆಂಪು, ಕೀವು.
• ಪಾದ ತಣ್ಣಗಾಗುವುದು, ಬಣ್ಣ ಬದಲಾಗುವುದು, ಬೆರಳು ಆಡಿಸಲಾಗದಿರುವುದು.
• ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು.

ಮಂಡಿಯ ಸುತ್ತ ಸ್ವಲ್ಪ ಊತ, ಬಿಸಿ, ತೊಡೆಯ ತನಕ ನೀಲಿಗಟ್ಟುವುದು ಮೊದಲ ವಾರಗಳಲ್ಲಿ ಸಹಜ. ಭಯಪಡಬೇಕಾಗಿಲ್ಲ. ಆದರೂ ಅನುಮಾನವಿದ್ದರೆ ಕೇಳಿಬಿಡಿ.

ಹಣ ಮತ್ತು ವಿಮೆ

ಅದೇ ದಿನ ಮನೆಗೆ ಹೋದರೆ ಖರ್ಚು ಅರ್ಧವಾಗುತ್ತದೆ ಎಂದು ಭಾವಿಸಬೇಡಿ. ಬಿಲ್ಲಿನ ದೊಡ್ಡ ಪಾಲು ಕೃತಕ ಕೀಲು, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತಜ್ಞರದ್ದು. ಅದು ಉಳಿದೇ ಉಳಿಯುತ್ತದೆ. ಕೃತಕ ಮಂಡಿಗಳಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿತು. ಬಿಲ್ಲಿನಲ್ಲಿ ಕೀಲಿನ ತಯಾರಕರ ಹೆಸರು, ಬೆಲೆ ಬೇರೆಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ. ಉಳಿಯುವುದು ಕೋಣೆಯ ಬಾಡಿಗೆ, ದಾದಿಯರ ಶುಲ್ಕ ಇತ್ಯಾದಿ. ಅದರ ಎದುರು ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಹೋಮ್ ನರ್ಸ್, ಕಮೋಡ್ ಕುರ್ಚಿ, ಮನೆಯವರ ರಜೆ, ಇವುಗಳ ಖರ್ಚನ್ನೂ ಬರೆದು ಹೋಲಿಸಿ.

ಆರೋಗ್ಯ ವಿಮೆಯವರು ಸಾಮಾನ್ಯವಾಗಿ 24 ಗಂಟೆ ಆಸ್ಪತ್ರೆಯಲ್ಲಿರಬೇಕು ಎನ್ನುತ್ತಾರೆ. ತಂತ್ರಜ್ಞಾನದ ಬೆಳವಣಿಗೆಯಿಂದ 24 ಗಂಟೆಯೊಳಗೆ ಮುಗಿಯುವ 'ಡೇ ಕೇರ್' ಚಿಕಿತ್ಸೆಗಳಿಗೆ ಇದರಿಂದ ವಿನಾಯಿತಿ ಇದೆ. ಆದರೂ ನಿಮ್ಮ ಪಾಲಿಸಿಯಲ್ಲಿ ಕೀಲು ಬದಲಾವಣೆಗೆ ಕಾಯುವ ಅವಧಿ, ಮಿತಿ ಏನಿದೆ, ಮನೆಯ ಫಿಸಿಯೋಥೆರಪಿಗೆ ಹಣ ಸಿಗುತ್ತದೆಯೇ ಎಂಬುದನ್ನು ಮುಂಚಿತವಾಗಿ ಬರಹದಲ್ಲೇ ಕೇಳಿ ಪಡೆಯಿರಿ.

ದಿನ ಗೊತ್ತುಮಾಡುವ ಮೊದಲು

ಆಸ್ಪತ್ರೆಯವರನ್ನು ಐದು ಪ್ರಶ್ನೆ ಕೇಳಿ. ಇಂಥ ಎಷ್ಟು ಜನರನ್ನು ಅದೇ ದಿನ ಕಳಿಸಿದ್ದೀರಿ, ಅವರಲ್ಲಿ ಎಷ್ಟು ಜನ ವಾಪಸು ಬಂದರು? ಸಂಜೆ ಹೊರಡಲಾಗದಿದ್ದರೆ ಹಾಸಿಗೆ ಇದೆಯೇ, ಅದಕ್ಕೆ ಎಷ್ಟು ಖರ್ಚು? ರಾತ್ರಿ ಎರಡು ಗಂಟೆಗೆ ಫೋನು ಮಾಡಿದರೆ ಎತ್ತುವವರು ಯಾರು, ಅವರಿಗೆ ನಮ್ಮ ರೋಗಿಯ ವಿವರ ಗೊತ್ತಿರುತ್ತದೆಯೇ? ಮರುದಿನ ಯಾರು ವಿಚಾರಿಸುತ್ತಾರೆ? ಶಸ್ತ್ರಚಿಕಿತ್ಸೆಯ ವಿವರವನ್ನು ನಮ್ಮ ಕುಟುಂಬ ವೈದ್ಯರಿಗೆ ಬರೆದುಕೊಡುತ್ತೀರಾ?

ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಉಳಿದ ನಾಲ್ಕಕ್ಕೆ ಎಷ್ಟೇ ಒಳ್ಳೆಯ ಉತ್ತರ ಸಿಕ್ಕರೂ ಒಪ್ಪಬೇಡಿ. ಕೊಟ್ಟ ನಂಬರಿಗೆ ಒಂದು ರಾತ್ರಿ ನೀವೇ ಕರೆ ಮಾಡಿ ನೋಡಿದರೂ ತಪ್ಪಿಲ್ಲ.

ಸರಿಯಾಗಿ ಆರಿಸಿದ ರೋಗಿ, ಸಿದ್ಧವಾದ ಆಸ್ಪತ್ರೆ, ಸಿದ್ಧವಾದ ಮನೆ, ಈ ಮೂರೂ ಕೂಡಿದಲ್ಲಿ ಅದೇ ದಿನ ಮನೆಗೆ ಹೋಗುವುದು ಒಳ್ಳೆಯ ಪದ್ಧತಿ. ರೋಗಿ ತನ್ನ ಹಾಸಿಗೆಯಲ್ಲಿ ಮಲಗುತ್ತಾರೆ, ಮನೆಯ ಊಟ ಮಾಡುತ್ತಾರೆ, ಬೇಗ ನಡೆಯುತ್ತಾರೆ, ಆಸ್ಪತ್ರೆಯ ಸೋಂಕಿನಿಂದ ದೂರವಿರುತ್ತಾರೆ. ಮೂರರಲ್ಲಿ ಒಂದು ಕೂಡದಿದ್ದರೂ ಎರಡು ಮೂರು ದಿನ ಆಸ್ಪತ್ರೆಯಲ್ಲಿರಿ. ಹೊಸ ಮಂಡಿ ಹದಿನೈದು ಇಪ್ಪತ್ತು ವರ್ಷ ನಿಮ್ಮೊಂದಿಗೆ ನಡೆಯಬೇಕಾದದ್ದು. ಅದಕ್ಕಾಗಿ ಇನ್ನೆರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದರೆ ಏನೂ ಕಳೆದುಕೊಂಡಂತಾಗುವುದಿಲ್ಲ.